ಬ್ಯಾರಲ್‌ನ್ಯಾಗಿನ ಬಾಣಂತನ

ಚೆಲ್ಲಬ್ಯಾಡ್ರಿ! ಆಶಾ ಅಕ್ಕಾರ, ನಿಮ್ಮ ಕೈ ಮುಗಿತೇನಿ, ಆ ಬ್ಯಾರಲ್ ಬಿಡ್ರಿ! ನಳಾ ಬಂದು ಎಂಟ ದಿನ ಆತು. ನಾಳೆ ನಮ್ಮ ಬಸರಿ ಮಗಳು ದುರ್ಗಾನ ಕುಬಸ... ರಾಮದುರ್ಗದಿಂದ ಬೀಗರು ಟೆಂಪೋ ತುಂಬ ಬರಾಕತ್ತಾರ, ಅವರ ಕಾಲಿಗೆ ನೀರ ಎಲ್ಲಿಂದ ತರ್ಲಿ?

ಹುಳಾನ? ಅದಾವ, ಇಲ್ಲ ಅಂದೆನೇನ? ನಾಕ ದಿನದ ಕೂಸುಗಳು! ರೆಕ್ಕಿ ಮೂಡಿಲ್ಲ, ಇನ್ನಾ ಒಬ್ಬರನ್ನ ಕಚ್ಚಿಲ್ಲ. ಅವಕ್ಕ ಡೆಂಗಿ ಎಲ್ಲಿಂದ ಬಂತ್ರಿ?

ಆಂ? ತಾಯಿಯಿಂದ? ತಾಯಿ ಸೊಳ್ಳಿ ಜ್ವರ ಬಂದವರನ್ನ ಕಚ್ಚಿದ್ರ, ರೋಗ ಅದರ ಹೊಟ್ಟ್ಯಾಗ ಬೆಳದು ತತ್ತಿಗೂ ಇಳಿತೈತಿ? ಅಯ್ಯ ಶಿವನ! ನಮ್ಮವ್ವ ನನಗ ಒಂದ ಬುಗುಡಿ ಕೊಡಲಿಲ್ಲ... ಸೊಳ್ಳಿ ನೋಡ್ರಿ, ಮಕ್ಕಳಿಗೆ ಎಷ್ಟ ಕಾಳಜಿ! ಯಾಕ ನಗ್ತೀರಿ? ಎಲ್ಲಾ ತತ್ತಿಗೂ ಅಲ್ಲ, ಎಲ್ಲೋ ಒಂದೊಂದಕ್ಕ? ಹಂಗಾದ್ರ ಆ ಒಂದನ್ನ ಆರಿಸಿ ಒಯ್ರಿ, ಉಳಿದವು ಏನ ಪಾಪ ಮಾಡ್ಯಾವ!

ನಳಾ ಬಂದಾಗೊಮ್ಮೆ ಖಾಲಿ ಮಾಡೇ ತುಂಬ್ತೇನ್ರಿ. ತಿಕ್ಕಿಲ್ಲ... ಹೌದು. ದೀಪಾವಳಿ ನೀರು ತುಂಬೂ ಹಬ್ಬಕ್ಕ ಬ್ಯಾರಲ್‌ಗೆ ಹಚ್ಚಿದ ವಿಭೂತಿ ಅಳಿಸೀತಂತ ಬಿಟ್ಟೆ. ತತ್ತಿ ಒಳಗ ಅಂಟಿಕೊಂಡು, ಒಣಗಿ, ತಿಂಗಳಗಟ್ಟಲೆ ನೀರಿನ ದಾರಿ ಕಾಯ್ತಾವ? ನಮ್ಮ ಬೀಗರಿಗೆ ಇಷ್ಟ ತಾಳ್ಮಿ ಇದ್ದಿದ್ರ!

ಬ್ಯಾಡ ಬ್ಯಾಡ, ಹುಳಾ ಸಿಕ್ಕಾವಂತ ಗ್ವಾಡಿ ಮ್ಯಾಲ ಸುಣ್ಣದ ಖಡೂಲೆ ಬರೀಬ್ಯಾಡ್ರಿ! ಬೀಗರು ಬಾಗಲ್ದಾಗ ನಿಂತು ಓದ್ತಾರ.

ಜ್ವರಾ? ಯಾರಿಗೂ ಇಲ್ಲ. ಈ ಇಂದ್ರವ್ವ ಸುಳ್ಳ ಹೇಳ್ತಾಳೇನ? ದುರ್ಗಾ ಒಳಗ ಮಲಗ್ಯಾಳ. ಏಳ ತಿಂಗಳ ಬಸರಿ, ದಣಿವಾಗೇತಿ... ಕೌದಿ? ಅದು... ಚಳಿ ಅಂದ್ಲು. ಈ ಬಿಸಲಾಗ... ಹೌದು, ಈ ಬಿಸಲಾಗ.

ಅಕ್ಕಾರ, ಒಂದ ಮಾತ ಕೇಳ್ಲಿ? ಆ ತಾಯಿಯಿಂದ ಕೂಸಿಗೆ ಇಳಿಯೂದು... ಅದು ಸೊಳ್ಳ್ಯಾಗ ಅಷ್ಟ ಅಲ್ಲೇನ್ರಿ?

ಈಗ ಯಾಕ ನಗವಲ್ರಿ?

ಅಕ್ಕಾರ... ಬೈರಿ ಬೇಕಾದ್ರ. ಕೌದಿ ತಗದು ಮೈ ಮುಟ್ಟಿ ನೋಡಬ್ಯಾಡ್ರಿ...

ಮೂರ ದಿನ ಆತ್ರಿ. ಮೈ ಕೆಂಡ ಆಗೇತಿ. ಕುಬಸ ನಿಂತೀತಂತ ಮುಚ್ಚಿಟ್ಟೆ, ನನ್ನ ಬುದ್ಧಿಗೆ ಬೆಂಕಿ ಹಚ್ಚ! ಚೆಲ್ರಿ ಆ ನೀರ! ಬೈಲಹೊಂಗಲ ದವಾಖಾನಿಗೆ ಗಾಡಿ ಕರೀರಿ, ಫೋನ್ ಹಚ್ರಿ! ತರ್ರಿಲ್ಲೆ ಆ ಖಡು... ಜ್ವರ ಐತಿ ಅಂತ ಗ್ವಾಡಿ ಮ್ಯಾಲ ನಾನ ಬರೀತೇನಿ.