‘ಸೂನ್’ ಪದದ ನಲವತ್ತೊಂದು ಉದಾಹರಣೆಗಳು

ವೇದಿಕೆಯ ಮೇಲಿರುವ ಪ್ರಧಾನ ಸಂಪಾದಕರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಅವರ ಮಗಳೇ, ನಿಘಂಟು ಕಚೇರಿಯ ಬಂಧುಗಳೇ —

ನಮ್ಮ ಚೀಟಿಯಣ್ಣ ಇನ್ನಿಲ್ಲ. ಅವರ ಗುಣಗಾನವನ್ನಷ್ಟೇ ಮಾಡಬೇಕೆಂದು ನನಗೆ ತಾಕೀತಾಗಿದೆ. ಮಾಡುತ್ತೇನೆ. ಆದರೆ ಅವರ ಗುಣ ಹೇಳಹೊರಟರೆ ಬೇರೆಯವರದ್ದೂ ಹೊರಬೀಳುತ್ತದೆ — ನಾನೇನು ಮಾಡಲಿ?

ನಮ್ಮ ಇಂಗ್ಲಿಷ್ ನಿಘಂಟಿಗೆ ಅವರು ಅತಿ ಪ್ರೀತಿಯಿಂದ ಬರೆದ ಪದ ‘ಸೂನ್’. ಕ್ರಿಯಾವಿಶೇಷಣ. ಅರ್ಥ: ಬೇಗ, ಸ್ವಲ್ಪ ಹೊತ್ತಿನಲ್ಲಿ. ಮೂಲ? ಸಾವಿರ ವರ್ಷಗಳ ಹಿಂದೆ ಅದರರ್ಥ ‘ಈಗಲೇ, ಈ ಕ್ಷಣವೇ’ ಎಂದಿತ್ತು. ಜನ ‘ಈಗಲೇ’ ಎಂದು ಹೇಳಿ ಹೇಳಿ, ಹೇಳಿದ್ದನ್ನು ಮಾಡದೆ, ಕಾಲು ಚಾಚಿ ಕೂತು, ಪದವನ್ನೇ ಸೋಮಾರಿ ಮಾಡಿಟ್ಟರು! ಇದನ್ನು ಬರೆದ ದಿನ ಚೀಟಿಯಣ್ಣ ಮೇಜು ಕುಟ್ಟಿದ್ದರು: “ಪದ ತಾನಾಗಿ ಕೆಡಲ್ಲ ಕಣೋ ಮರಿ, ನಾವೇ ಕೆಡಿಸೋದು!”

ನಮ್ಮ ಪದ್ಧತಿ ನಿಮಗೆ ಗೊತ್ತು. ಪ್ರತಿ ಪದಕ್ಕೂ ಯಾರೋ ನಿಜವಾಗಿ ಬರೆದ ಉದಾಹರಣೆ ಬೇಕು, ದಿನಾಂಕ ಸಮೇತ, ಒಂದೊಂದು ಚೀಟಿಯಲ್ಲಿ. ಪ್ರಧಾನ ಸಂಪಾದಕರಾದ ನಮ್ಮ ಸಾಹೇಬರ ಸಹಿ ಬೀಳದೆ ಒಂದು ಪುಟವೂ ಅಚ್ಚಿಗೆ ಹೋಗದು. ‘ಎಸ್’ ಸಂಪುಟ ಸಿದ್ಧವಾಗಿ ನಾಲ್ಕು ವರ್ಷವಾಯಿತು. ನಾಲ್ಕು ವರ್ಷ! ಚೀಟಿಯಣ್ಣ ಸಹಿ ಕೇಳಿ ಚೀಟಿ ಕಳಿಸುವರು. ಸಾಹೇಬರು ಅದರ ಮೂಲೆಯಲ್ಲಿ ಒಂದೇ ಪದ ಗೀಚಿ ವಾಪಸ್ ಕಳಿಸುವರು — ‘ಸೂನ್’.

ಚೀಟಿಯಣ್ಣ ಜಗಳವಾಡಲಿಲ್ಲ. ಬಂದ ಪ್ರತಿ ಚೀಟಿಗೂ ದಿನಾಂಕ ಹಾಕಿ ಉದಾಹರಣೆಗಳ ಡಬ್ಬಕ್ಕೆ ಸೇರಿಸಿದರು. ನಗಬೇಡಿ, ಸಭೆ ಗಂಭೀರವಾಗಿದೆ. ಒಟ್ಟು ನಲವತ್ತೊಂದು. ಅವುಗಳಲ್ಲಿ ‘ಈಗಲೇ’ ಎಂಬ ಅರ್ಥಕ್ಕೆ ಸಿಕ್ಕಿದ್ದು — ಸೊನ್ನೆ.

ಆಸ್ಪತ್ರೆಯಲ್ಲಿ ಮಗಳನ್ನು ಕೇಳಿದರಂತೆ, “ಅಚ್ಚಿಗೆ ಹೋಯ್ತೇನಮ್ಮಾ?”

“ಇನ್ನೇನು ಹೋಗತ್ತೆ, ಅಪ್ಪ.”

“ನೀನೂ ಸಾಹೇಬ್ರ ಥರಾನೇ ಮಾತಾಡ್ತೀಯಲ್ಲೇ!”

ಸಾಯುವ ತಂದೆಗೆ ಮಗಳು ಸುಳ್ಳು ಹೇಳಬೇಕಾಯಿತು — ಯಾರ ಸೋಮಾರಿತನಕ್ಕೆ? ನಿಮ್ಮನ್ನೇ ಕೇಳುತ್ತಿದ್ದೇನೆ, ಯಾರ ಸೋಮಾರಿತನಕ್ಕೆ?

ಸಾಹೇಬರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಬೇಡ ಸಾರ್. ಚೀಟಿಯಣ್ಣನವರ ಆಸೆಯನ್ನು ‘ಶೀಘ್ರದಲ್ಲೇ’ ನೆರವೇರಿಸುವುದಾಗಿ ತಾವು ಆಗಲೇ ಹೇಳಿದ್ದೀರಿ, ನಲವತ್ತೆರಡನೆಯದೆಂದು ಬರೆದುಕೊಂಡಿದ್ದೇನೆ. ಅಚ್ಚಿನ ಅನುಮತಿ ಪತ್ರ ತಮ್ಮೆದುರಿಗೇ ಇದೆ. ಪೆನ್ನಿನ ಮುಚ್ಚಳವನ್ನೂ ನಾನೇ ತೆಗೆದಿಟ್ಟಿದ್ದೇನೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮೌನ ಎಂದು ಆಮಂತ್ರಣದಲ್ಲಿದೆ, ಗಡಿಯಾರ ನೋಡಬೇಡಿ. ಸಹಿ ಬೀಳುವವರೆಗೆ ನಿಲ್ಲೋಣ.

ಸಾರ್, ತಾವು ಮಾತ್ರ ಏಳಬೇಡಿ. ಕೂತು ಬರೆಯುವುದು ಸುಲಭ.