ಹಸಿರು ಗೀಟಿಲ್ಲದ ಅರ್ಜಿ

ಅಯ್ಯೋ, ಅದೇನಿಲ್ಲ ಬೈಂಡರಣ್ಣ... ಬರೀ ಬೋರ್ಡು. ಬಾಗಿಲಲ್ಲೇ ಯಾಕೆ ನಿಂತಿರಿ? ಬನ್ನಿ, ಕೂತ್ಕೊಳ್ಳಿ. ಹನ್ನೊಂದು ದಿನ ಆಯ್ತಲ್ಲ ನೀವು ಪ್ರೆಸ್ಸಿಗೆ ಬಂದು! ತಾಯಿಯವರು ಹೋದ ಸುದ್ದಿ ಕೇಳಿ... ಬಹಳ ಬೇಜಾರಾಯ್ತು.

ಆ ಬೋರ್ಡಾ? ನೀವು ಹಿಂದಿನ ಕೋಣೆಯಲ್ಲಿ ಹೊಲಿಗೆ, ಅಂಟು ಅಂತ ಇರೋರು, ನೋಡಿರಲಿಕ್ಕಿಲ್ಲ. ಹೇಳ್ತೀನಿ ಇರಿ, ಇಲ್ಲದಿದ್ರೆ ಬೇರೇನೋ ಅಂದ್ಕೋತೀರಿ. ನಾವು ಪ್ರೂಫ್ ನೋಡೋರು ಮೂವರಿದ್ದೀವಲ್ಲ, ಎಲ್ಲೇ ತಪ್ಪು ಇಂಗ್ಲಿಷ್ ಸಿಕ್ಕಲಿ, ಬರ್ಕೊಂಡು ಬಂದು ಇಲ್ಲಿ ಪಿನ್ನು ಚುಚ್ತೀವಿ. ಶನಿವಾರ ಎಲ್ಲಕ್ಕಿಂತ ಮಜಾ ಇರೋದಕ್ಕೆ ಒಂದು ಟೀ ಬಹುಮಾನ. ಈ ಕ್ಷೌರದಂಗಡಿಯವನು ನೋಡಿ, 'ವಿ ಕಟ್ ಚಿಲ್ಡ್ರನ್ ಬಿಲೋ ಟೆನ್' ಅಂತ ಬರೆಸಿದ್ದ. ಹತ್ತು ವರ್ಷದೊಳಗಿನ ಮಕ್ಕಳನ್ನ ಕತ್ತರಿಸ್ತಾನಂತೆ! ಹ್ಹ... ನಗು ಬರಲಿಲ್ವಾ? ಸರಿ ಸರಿ, ನಗೋ ಹೊತ್ತಲ್ಲ. ತಪ್ಪಾಯ್ತು.

ಆದ್ರೆ ನಿಮಗೂ ಇಂಥದ್ದು ಇಷ್ಟ ಇತ್ತಲ್ಲ? ಸಂಜೆ ನನ್ನ ಹತ್ರ ಪಾಠಕ್ಕೆ ಕೂತಾಗ... 'ಲುಕ್ ಆಫ್ಟರ್' ಅಂದ್ರೆ ಜೋಪಾನ ಮಾಡೋದು ಅಂದೆ. ನೀವು, 'ಲುಕ್ ಅಂದ್ರೆ ನೋಡು, ಆಫ್ಟರ್ ಅಂದ್ರೆ ಆಮೇಲೆ. ಆಮೇಲೆ ನೋಡೋಣ ಅನ್ನೋರು ಅದೆಂಥ ಜೋಪಾನ ಮಾಡ್ತಾರೆ ಮೇಷ್ಟ್ರೇ?' ಅಂದಿರಿ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ!

ಯಾಕೆ ಹಾಗೆ ನೋಡ್ತೀರಿ? ತಾಯೀನ ನೋಡೋಕೆ ಕೇಳಿದ್ದ ರಜೆ ವಿಷಯವಾ? ಅವತ್ತೇ ಹೇಳಿದೆನಲ್ಲ, ಯಜಮಾನರು ಒಪ್ಪಲಿಲ್ಲ. ಶಾಲೆ ಪುಸ್ತಕದ ಕೆಲಸ ಮುಗೀಲಿ ಅಂದ್ರು. ನಾನೂ ಎರಡು ಮಾತು ಆಡಿ ನೋಡಿದೆ. ಅವರ ಸ್ವಭಾವ ನಿಮಗೆ ಗೊತ್ತಲ್ಲ... ಕಲ್ಲು.

ಏನದು, ಜೇಬಿಂದ ತೆಗೀತಿರೋದು?

...ಈ ಅರ್ಜಿ ಎಲ್ಲಿ ಸಿಕ್ತು? ರದ್ದಿ ಕಟ್ಟಿನಲ್ಲಾ? ಹೌದು... ನಮ್ಮ ಕೋಣೆ ರದ್ದಿಯೆಲ್ಲ ನಿಮ್ಮ ಮೇಜಿಗೇ ಬರುತ್ತೆ, ಅಂಟು ಹಚ್ಚೋವಾಗ ಕೆಳಗೆ ಹಾಸೋಕೆ. ನನಗೆ ಹೊಳೀಲೇ ಇಲ್ಲ.

ಕೆಂಪು ಸುತ್ತು ನಂದೇ. ತಿದ್ದೋಕೆ ಅಂತ ಹಾಕಿದ್ದು. 'ಯಜಮಾನರಿಗೆ ಅರ್ಜಿ ಇಂಗ್ಲಿಷಲ್ಲೇ ಬೇಕು, ನಾನೇ ಬರೆದಿದ್ದೀನಿ, ತಿದ್ದಿ ಒಳಗೆ ಕೊಡಿ' ಅಂತ ನೀವೇ ತಂದುಕೊಟ್ಟಿರಲ್ಲ... ಕೆಳಗೆ ಏನು ಹುಡುಕ್ತೀರಿ? ಹಸಿರು ಗೀಟಾ? ನಿಜ, ರಜೆ ಇಲ್ಲ ಅಂದ್ರೂ ಅವರು ಓದಿದ ಗುರುತಿಗೆ ಹಸಿರು ಪೆನ್ನಲ್ಲಿ ಒಂದು ಗೀಟು ಎಳೀತಾರೆ. ಅವತ್ತು ಮರೆತಿರಬೇಕು. ಅವಸರದಲ್ಲಿದ್ರು... ಏನೋ...

ಮೂಲೆ ಯಾಕೆ ಸವರ್ತೀರಿ? ಬೇಡ ಅಣ್ಣ. ಬೇಡ... ಇಪ್ಪತ್ತು ವರ್ಷ ಕಾಗದ ಮುಟ್ಟಿದ ಬೆರಳು. ಪಿನ್ನಿನ ತೂತು ಅದಕ್ಕೆ ಗೊತ್ತಾಗದೆ ಇರುತ್ತಾ!

ಏನಾದ್ರೂ ಅನ್ನಿ. ಬೈಯಿರಿ.

...ಶುಕ್ರವಾರ ಕೊಟ್ಟಿರಿ. ಶನಿವಾರದ ಟೀ ನನಗೇ ಬಂತು. ಸೋಮವಾರ ನೀವು ಇದೇ ಬಾಗಿಲಲ್ಲಿ ನಿಂತು 'ಏನಂದ್ರು ಮೇಷ್ಟ್ರೇ?' ಅಂದಾಗ ಅದಿನ್ನೂ ಬೋರ್ಡಿನ ಮೇಲೇ ಇತ್ತು. ನನ್ನ ಬೆನ್ನ ಹಿಂದೆ. ನೀವು ಒಂದು ಹೆಜ್ಜೆ ಒಳಗೆ ಬಂದಿದ್ರೆ ಕಾಣ್ತಿತ್ತು. ಆಗಲ್ಲ ಅಂದ್ರು ಅಂತ ಹೇಳಿಬಿಟ್ಟೆ. ನೀವು 'ಆಗಲಿ' ಅಂತ ಹೋಗಿ ಹೊಲಿಗೆಗೆ ಕೂತಿರಿ. ಬುಧವಾರ ಫೋನ್ ಬಂತು.

ಯಜಮಾನರ ಕಣ್ಣಿಗೇ ಬಿದ್ದಿಲ್ಲ ಅಣ್ಣ ಅದು. ಹದಿನಾಲ್ಕು ತಪ್ಪು ಹುಡುಕಿದ್ದೆ. ನಿಮ್ಮ ತಾಯಿ ನಿಮ್ಮನ್ನ ನೋಡಬೇಕು ಅಂತ ಕೇಳ್ತಿದ್ದಾರೆ ಅಂತ ಒಂದು ಸಾಲು ಬರೆದಿದ್ರಿ ನೋಡಿ... ಅದರಲ್ಲಿ ಒಂದೂ ತಪ್ಪಿರಲಿಲ್ಲ. ಅದಕ್ಕೇ... ಅದರ ಮೇಲೆ ನನ್ನ ಕಣ್ಣು ನಿಲ್ಲಲೇ ಇಲ್ಲ.