ನಮ್ಮನ್ಯಾಗ ದೇವಿ ಬಂದಿಲ್ಲ

ಅಲ್ಲೇ ನಿಂದರು ಅಂಬಾ! ಹೊಸ್ತಲಾ ದಾಟಬ್ಯಾಡ. ಈ ಶಿವಗಂಗವ್ವ ಒಮ್ಮೆ ಇಲ್ಲ ಅಂದ್ರ ಇಲ್ಲ. ನಮ್ಮ ಮೊಮ್ಮಗ ಕಾಡಪ್ಪಗ ಸಿಡುಬಿನ ದಾಕು ಚುಚ್ಚಸೂದಿಲ್ಲ. ಕೆಳಗ ಅಂಗಳದಾಗ ಕುಂತಾನಲ್ಲಾ ಮುನಸಿಪಾಲ್ಟಿ ಡಾಕ್ಟರ, ಹೋಗಿ ಹೇಳು ಅವಗ. ಹುಡುಗ ಊರಾಗಿಲ್ಲ, ಸೊಲ್ಲಾಪುರಕ್ಕ ಅತ್ತೀ ಮನಿಗೆ ಹೋಗ್ಯಾನ ಅಂತ.

ಏನಂದಿ? ಇಡೀ ವಾಡೇಕ್ಕ, ಇಲ್ಲಿ ಎಲ್ಲಾ ಬಾಡಿಗಿ ಮನಿಗೋಳಿಗೆ ಹಬ್ಬತದ? ಹಬ್ಬಿಸಿದವರು ಯಾರವಾ? ಸಿಡುಬು ಎದ್ದದ್ದು ನಿನ್ನ ಮಗಳು ಇಂದೂನ ಮೈಮ್ಯಾಲೆ! ತಾ ಕೆಟ್ಟ ಕೋತಿ ವನಾ ಎಲ್ಲಾ ಕೆಡಿಸಿತಂತ… ಪುಣೇದಾಗ ಇಷ್ಟ ಮಂದಿ ಕನ್ನಡದವರು ಇದ್ದೇವಿ, ಹಡದ ಮಗಳನ್ನ ಸರಕಾರದ ಗಾಡ್ಯಾಗ ಹಾಕಿ ದವಾಖಾನಿಗೆ ದಬ್ಬಿದಾಕಿ ನೀ ಒಬ್ಬಾಕೀನ! ಗಂಡ ಕಚೇರ್ಯಾಗ ನಾಕ ಇಂಗ್ರೇಜಿ ಅಕ್ಷರ ಗೀಚತಾನಂತ ಹೇಂತಿಗೆ ಎಷ್ಟ ಶಾಣ್ಯಾತನ! ಥೂ! ಇಂದೂ 'ಅವ್ವಾ, ಅವ್ವಾ' ಅಂತ ಅಳಕೋತ ಹೋತು. ಕರುಳ ಅದನೋ ಇಲ್ಲೋ ನಿನಗ?

ಮೂಗ ಯಾಕ ಏರಸ್ತಿ? ಬೇವಿನ ತಪ್ಪಲಾ? ಹಾಸಿಗ್ಯಾಗ ತಗಣಿ ಆಗ್ಯಾವ, ತಗಣಿಗೆ ಇಟ್ಟೀನಿ… ಒಗ್ಗರಣಿ ವಾಸನಿ ಯಾಕ ಇಲ್ಲಾ? ಹಲ್ಲ ಬ್ಯಾನಿ ನನಗ, ಬರೇ ಗಂಜಿ ಕುಡೀತೀನಿ. ಕೆಳಗಿನ ಮನ್ಯಾಕಿ ಮ್ಯಾಲಿನ ಮನಿ ಒಲಿ ಕಾಯತಾಳ, ಶಾಬಾಸ! ಸಿಡುಬಿನ ದೇವಿ ಬಂದ ಮನ್ಯಾಗ ಒಗ್ಗರಣಿ ಹಾಕಬಾರದು ಅನ್ನೂದು ನನಗ ನೀ ಕಲಸಬ್ಯಾಡ. ನಮ್ಮನ್ಯಾಗ ದೇವಿ ಬಂದಿಲ್ಲ!

ಕೆಮ್ಮಿದ್ದಾ? ಬೆಕ್ಕು. ಯಾಕ, ಬೆಕ್ಕು ಕೆಮ್ಮಬಾರದೇನ?

ನಿನಕಿಂತ ನನಗ ಇಂದೂ ಮ್ಯಾಲ ಜೀವ ಜಾಸ್ತಿ, ತಿಳಕೋ. ಹುಣ್ಣಿಮಿ ಮುಂಚೆ ಮಂಗಳವಾರ, ಅಕಿಗಿನ್ನೂ ಏನೂ ಎದ್ದಿರಲಿಲ್ಲ, ನೀ ನಳಕ್ಕ ಹೋಗಿದ್ದಿ, ನಾನಽ ಅಕಿನ್ನ ಕರದೆ. ಮಣಿ ಮ್ಯಾಲ ಕೂಡಿಸಿ, ಕಾಲ ತೊಳದು, ಉಡಿ ತುಂಬಿ, ತಣ್ಣನ ಮೊಸರನ್ನ ಉಣಸಿದೆ. 'ಶಾಂತ ಆಗ ತಾಯೀ' ಅಂತ ಕಾಲಿಗೆ ಬಿದ್ದೆ. ಏಳ ವರ್ಷದ ಹುಡುಗಿ ಕಾಲಿಗೆ! ಇಷ್ಟ ಯಾರ ಮಾಡ್ತಾರ ಇನ್ನೊಬ್ಬರ ಮಗಳಿಗೆ?

…ಬೆರಳ ಯಾಕ ಮಡಚತಿ? ದಿನಾ ಎಣಸತೀಯೇನ?

ಉಡಿ ತುಂಬಬಾರದೇನ? ಹುಡುಗಿ ಅಂದ್ರ ದೇವೀನ ಅಲ್ಲೇನ? ದೇವಿ ಬಂದಾಗ ಅಕೀನ್ನ ತಣ್ಣಗ… ಅಲ್ಲ, ಬಂದಾಗ ಅಂತ ಅಲ್ಲ… ಹಾಂಗ ಅಲ್ಲ ಅಂಬಾ…

ಒದರು! ಡಾಕ್ಟರನ್ನ ಕೂಗು! ಬೈಯ ನನ್ನ! ಹೂಂ, ಅಕಿ ಕೈಲೇನ ನಮ್ಮ ಕಾಡಪ್ಪಗೊಂದ ತುತ್ತ ತಿನಸಿದೆ. ಅಕಿನ್ನ ಅವನ ಹಾಸಿಗಿ ಮ್ಯಾಲ ಕೂಡಿಸಿ ತಿನಸಿದೆ. ದೇವಿ ಕೈತುತ್ತು, ಅವನ ಮೈಮ್ಯಾಲಿನ ಸಿಡುಬು ಇಳೀತದ ಅಂದಕೊಂಡೆ… ಅಕಿಗೆ ಹತ್ತತದ ಅಂತ ನನಗೇನ ಗೊತ್ತವಾ!

ಹೊಡಿಯರ ಹೊಡಿ ಅಂಬಾ, ಹಿಂಗ ನಿಂದರಬ್ಯಾಡ.

ಖರೆ ಹೇಳ… ಇಂದೂ ಕಣ್ಣ ತೆರೀತಾಳೇನ? ನಮ್ಮ ಕಾಡಪ್ಪ ತೆರೀವಲ್ಲ.